ಮುಖ ಮೇಲಾಗಿ

ಹಳೆಯ ಕಾರ್ಪೆಟ್ಟಿನ ತುಂಡನ್ನು ಮೈದುನ ಮರಿ ಮುಖ ಮೇಲಾಗಿ ಹಾಸಿದ್ದನ್ನು ಅತ್ತಿಗೆ ನೋಡಿದಳು. ಹೊಲಿಗೆ ಮಿಷನ್ನಿನ ಚಕ್ರದ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

ಮೇಜಿನ ಮೇಲೆ ಹೊಸ ಕಾರ್ಪೆಟ್ಟು ಬೋರಲಾಗಿ, ಬೆನ್ನು ಮೇಲೆ ಮಾಡಿಕೊಂಡು ಮಲಗಿತ್ತು. ಅಲ್ಲಿಗೆ ಸರಿ. ಆದರೆ ಅಳತೆಗೆ ಇಡುವ ಹಳೆಯ ತುಂಡೂ ಬೋರಲಾಗಿಯೇ ಇರಬೇಕು. ಎರಡರ ಬೆನ್ನೂ ಒಂದೇ ಕಡೆ ನೋಡಬೇಕು. ಒಂದರ ಮುಖ ಮೇಲೆ, ಇನ್ನೊಂದರ ಬೆನ್ನು ಮೇಲೆ ಇಟ್ಟು ಗೆರೆ ಎಳೆದರೆ ಎಡಗೈಯ ಅಳತೆ ಹಿಡಿದು ಬಲಗೈಗೆ ಗವಸು ಹೊಲಿದ ಹಾಗೆ. ಮರಿ ಹಾಗೆ ಇಟ್ಟಿದ್ದಕ್ಕೆ ಕಾರಣವೂ ಅವಳಿಗೆ ಗೊತ್ತಾಯಿತು. ಕೆಲಸಕ್ಕೆ ಬಂದ ಕಾರಿನಿಂದ ಹಳೆಯದನ್ನು ಕೀಳುವಾಗ ಅವನು ಪ್ರತಿ ತುಂಡಿನ ಮುಖದ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದ: ಡ್ರೈವರ್ ಕಡೆ, ಪಕ್ಕದ ಸೀಟು, ಗೇರಿನ ದಿಬ್ಬ. ತಾನು ಬರೆದದ್ದು ತನಗೆ ಓದಲು ಸಿಗಲಿ ಅಂತ ಈಗ ಮುಖ ಮೇಲೆ ಇಟ್ಟಿದ್ದಾನೆ. ಅವನ ಅಣ್ಣ, ಅವಳ ಗಂಡ, ಬದುಕಿದ್ದಾಗ ಬೆನ್ನಿನ ಮೇಲೆ ಬರೆಯುತ್ತಿದ್ದ. ಯಾಕೆ ಹಾಗೆ ಅಂತ ಆತ ಯಾರಿಗೂ ಹೇಳಿರಲಿಲ್ಲ, ಮರಿಯೂ ಕೇಳಿರಲಿಲ್ಲ.

"ಲೋ, ತಿರುಗಿಸೋ" ಅನ್ನುವುದಕ್ಕೆ ಎಷ್ಟು ಹೊತ್ತು? ಅತ್ತಿಗೆ ಆ ಮಾತನ್ನು ನುಂಗಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು.

ಕಾರಿನ ಸೀಟು, ಹಾಸು ಹೊಲಿಯುವ ಆ ಕುಶನ್ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕತ್ತರಿ ಹಿಡಿದವನು ಮಿಷನ್ನಿಗೆ ಕೂರುವುದಿಲ್ಲ, ಮಿಷನ್ನಿಗೆ ಕೂತವರು ಕತ್ತರಿ ಮುಟ್ಟುವುದಿಲ್ಲ, ಗಾಡಿಯೊಳಗೆ ತೂರಿ ಅಂಟಿಸುವವನು ಇವೆರಡರ ತಂಟೆಗೂ ಹೋಗುವುದಿಲ್ಲ. ಕತ್ತರಿ ಅವಳ ಗಂಡನದು, ಮಿಷನ್ನು ಅವಳದು, ಗೋಂದು ಬ್ರಷ್ಷು ಮೈದುನನದು. ಗಿರಾಕಿಗಳು ಮಾತಾಡುವುದು ಕತ್ತರಿಯವನ ಹತ್ತಿರ, ಹೊಗಳುವುದೂ ಅವನನ್ನೇ. ಇಪ್ಪತ್ತೈದು ವರ್ಷ ಅತ್ತಿಗೆ ಬಂದವರ ಬೆನ್ನನ್ನಷ್ಟೇ ನೋಡಿಕೊಂಡು ಹೊಲಿದಳು. ಕಡೆಯ ಎರಡು ವರ್ಷ ಗಂಡನ ಕೈಗೆ ನಡುಕ ಹತ್ತಿಕೊಂಡಿತು. ಆಗ ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಇಳಿಸಿ, ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಹಾಗೆಯೇ ಅವಳೇ ಎಲ್ಲ ಕತ್ತರಿಸಿದಳು. ಶಟರ್ ಮೇಲೆದ್ದ ಮೇಲೆ ಕತ್ತರಿ ಮತ್ತೆ ಅವನ ಮುಂದೆ. "ಏನು ಕೈಚಳಕ ಮಾಸ್ಟ್ರೇ!" ಅಂದವರಿಗೆ ಆ ಪುಣ್ಯಾತ್ಮ ನಡುಗುವ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ನಕ್ಕುಬಿಡುತ್ತಿದ್ದ. ಇದು ಗೊತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ, ಮರಿಗೆ.

ಗಂಡ ಸತ್ತು ಮೂರು ತಿಂಗಳು. ಸತ್ತ ಹದಿನಾರನೇ ದಿನ ಅಂಗಡಿ ತೆಗೆದಾಗ ಮರಿ ನೇರವಾಗಿ ಹೋಗಿ ಕತ್ತರಿಯ ಮೇಜಿನ ಹಿಂದೆ ನಿಂತ. ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಅವನಿಗೆ ಹೊಳೆಯಲೂ ಇಲ್ಲ, ಅದೇ ಅವಳಿಗೆ ಹೆಚ್ಚು ಉರಿದದ್ದು. ಹೋದ ವಾರ ಅವಳ ಮುಂದೆ ಕಾಫಿ ಲೋಟ ಇಟ್ಟು, ದೊಡ್ಡ ಉಡುಗೊರೆ ಕೊಡುವವನ ಮುಖ ಮಾಡಿಕೊಂಡು ಹೇಳಿದ್ದ: "ಅತ್ತಿಗೆ, ನೀವು ದುಡಿದಿದ್ದು ಸಾಕು. ಒಂದನೇ ತಾರೀಕಿಂದ ಮಿಷನ್ನಿಗೆ ಒಬ್ಬ ಬರ್ತಾನೆ, ಮಾತಾಡಿದೀನಿ. ನೀವು ಮನೇಲಿ ಆರಾಮಾಗಿರಿ."

"ಆರಾಮಾಗಿ ಏನ್ ಮಾಡ್ಲಿ?"

"ಏನೂ ಮಾಡ್ಬೇಡಿ! ನಾನಿಲ್ವಾ?"

ಅವನು ಇದ್ದ, ನಿಜ. ಅವಳು ಈ ಮನೆಗೆ ಬಂದಾಗ ಅವನಿಗೆ ಏಳು ವರ್ಷ, ತಾಯಿಯಿಲ್ಲದ ಹುಡುಗ. ಮೂಗೊರೆಸಿ, ತುತ್ತಿಟ್ಟು, ಸ್ಕೂಲಿಗೆ ಕಳಿಸಿ ಬೆಳೆಸಿದಳು. ಹತ್ತು ವರ್ಷ ಆಗುವವರೆಗೂ ಅವಳ ಬೆರಳು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದ. ಮರಿ ಅನ್ನುವ ಹೆಸರೂ ಅವಳಿಟ್ಟದ್ದೇ. ಈಗ ಎದೆಯವರೆಗೆ ಗಡ್ಡ ಬಿಟ್ಟಿದ್ದರೂ ಆ ಹೆಸರು ಹೋಗಿಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟದಿದ್ದರೂ ಅವಳ ಕೈಯಲ್ಲಿ ಬೆಳೆದವನು ಅವಳನ್ನು ಅಂಗಡಿಯಿಂದ ಇಷ್ಟು ಪ್ರೀತಿಯಿಂದ ಆಚೆ ಹಾಕುತ್ತಿದ್ದ. ಬೈದು ಹಾಕಿದ್ದರೆ ಅವಳೂ ತಿರುಗಿ ಬೈದು ಹಗುರಾಗುತ್ತಿದ್ದಳೇನೋ.

ಆಗ ಬಂದದ್ದು ಹಲ್ಲಿನ ಡಾಕ್ಟರ ಗಾಡಿ. ನಿವೃತ್ತರು, ಹಣಕ್ಕೆ ಕೊರತೆಯಿಲ್ಲದವರು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡ ಹಾಗಿರುವ ಹಳೆಯ ಸ್ಪೋರ್ಟ್ಸ್ ಕಾರು. ಅವರು ಹುಡುಗರಾಗಿದ್ದಾಗ ರಸ್ತೆಯಲ್ಲಿ ಕಂಡು ಆಸೆಪಟ್ಟದ್ದಂತೆ, ಕೊಂಡದ್ದು ಅರವತ್ತು ದಾಟಿದ ಮೇಲೆ. ಅದರ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡುವಾಗಲೂ ಡಾಕ್ಟರು ಯಾರದೋ ಬಾಯಿ ಪರೀಕ್ಷೆ ಮಾಡುವವರ ಹಾಗೆ ತಲೆ ಓರೆ ಮಾಡುತ್ತಿದ್ದರು. ಕಾರ್ಪೆಟ್ಟನ್ನು ಅವರೇ ದೂರದ ಗಿರಣಿಯಿಂದ ಬೇಕಾದ ಕೆಂಪಿಗೆ ಬಣ್ಣ ಹಾಕಿಸಿ ತರಿಸಿದ್ದರು. ಅಪ್ಪಟ ಉಣ್ಣೆ. ಬಂದು ಸೇರಲು ನಾಲ್ಕು ತಿಂಗಳು ಹಿಡಿದಿತ್ತು.

"ಹಳೇ ಗಾಡಿಯವರದ್ದೇ ನಮ್ಮದೊಂದು ಗುಂಪಿದೆ ಕಣಯ್ಯಾ" ಎಂದು ಅವರು ಮರಿಗೆ ಹೇಳಿದ್ದರು. "ನಲವತ್ತು ಜನ. ನನ್ನ ಗಾಡಿ ಯಾರ ಕೈಯಲ್ಲಿ ಚೆನ್ನಾಗಾಗುತ್ತೋ ಎಲ್ಲಾ ಅವರ ಹತ್ರಾನೇ ಬರ್ತಾರೆ. ನಿಮ್ಮಣ್ಣನ ಕೈ ನಿನಗಿದೆಯೇನು?"

"ಇದೆ ಸರ್" ಅಂದಿದ್ದ ಮರಿ. ಅಣ್ಣನ ಕೈ ಮೂರು ಮಾರು ದೂರದಲ್ಲಿ ಮಿಷನ್ನಿನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ಈಗ ಅವಳು ದಾರ ಪೋಣಿಸುತ್ತಾ ಕಣ್ಣಳತೆಯಲ್ಲೇ ಲೆಕ್ಕ ಹಾಕಿದಳು. ಎಲ್ಲ ತುಂಡೂ ತಿರುವುಮುರುವಾದರೆ ಎಷ್ಟು ಕೆಡುತ್ತದೆ? ಬಾಗಿಲ ಹೊಸ್ತಿಲಿನ ಪಟ್ಟಿ ಎಡದ್ದು ಬಲಕ್ಕಾಗುತ್ತದೆ, ಬಲದ್ದು ಎಡಕ್ಕೆ. ಚಕ್ರದ ಮೇಲಿನವೂ ಹಾಗೆಯೇ. ಸೀಟಿನ ಹಿಂದಿನದಕ್ಕೆ ಎಡಬಲವೇ ಇಲ್ಲ. ಕೆಡುವುದು ಮೂರೇ: ಪೆಡಲುಗಳಿಗೆ ಕಚ್ಚು ಇರುವ ಡ್ರೈವರ್ ಕಡೆಯ ನೆಲ, ಪಕ್ಕದ ಸೀಟಿನ ನೆಲ, ಹ್ಯಾಂಡ್ ಬ್ರೇಕಿಗೆ ಒಂದು ಬದಿಯಲ್ಲಿ ಸೀಳಿರುವ ಗೇರಿನ ದಿಬ್ಬ. ಸುರುಳಿಯಲ್ಲಿ ಉಳಿಯುವ ಕಾರ್ಪೆಟ್ಟು ಸರಿಯಾಗಿ ಆ ಮೂರಕ್ಕೆ ಸಾಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಷ್ಟು ನಾಜೂಕಾಗಿತ್ತು ಲೆಕ್ಕ. ಅವಳಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯೇ ಆಯಿತು.

"ಅತ್ತಿಗೆ, ಒಂದ್ಸಲ ನೋಡ್ತೀರಾ?" ಗೆರೆಯೆಲ್ಲ ಎಳೆದು ಮುಗಿಸಿ ಮರಿ ಕರೆದ. ಧ್ವನಿಯಲ್ಲಿ ಅಳುಕಿತ್ತು. ಎಷ್ಟಾದರೂ ಇಷ್ಟು ಬೆಲೆಬಾಳುವ ಮಾಲಿನ ಮೇಲೆ ಅವನು ಕತ್ತರಿ ಇಡುತ್ತಿದ್ದದ್ದು ಇದೇ ಮೊದಲು.

ಅವಳು ಎದ್ದು ಹೋದಳು. ಸುಮ್ಮನೆ ಒಂದು ಕಣ್ಣು ಹಾಯಿಸಿ ಬರಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿ ಗೆರೆಯ ಮೇಲೂ ಬೆರಳು ಓಡಿಸಿದಳು, ಎರಡು ಕಡೆ ಟೇಪು ಹಿಡಿದಳು, ಒಂದು ಮೂಲೆಯಲ್ಲಿ ನಿಂತು ಹುಬ್ಬು ಗಂಟು ಹಾಕಿದಳು.

"ಇಲ್ಲಿ ಒಂದು ನೂಲಿನಷ್ಟು ಒಳಗೆ ತಗೋ. ಅಂಚುಪಟ್ಟಿ ದಪ್ಪ ಇದೆ, ಉಬ್ಬುತ್ತೆ."

ಅವನು ಒರೆಸಿ ತಿದ್ದಿದ. "ಇಲ್ಲಿ?"

"ಹೂಂ."

"ಉಳಿದಿದ್ದು?"

"ಉಳಿದಿದ್ದು ಸರಿ ಇದೆ" ಅಂದಳು ಅತ್ತಿಗೆ. "ಕತ್ತರಿಸು."

ಮರಿಯ ಹೆಗಲು ಸಡಿಲಾಯಿತು. ಉಸಿರು ಬಿಟ್ಟು, ಅವಳ ಮುಖ ನೋಡಿ ನಕ್ಕ. ಪರೀಕ್ಷೆಯ ಹಾಳೆ ತಂದು ತೋರಿಸುತ್ತಿದ್ದಾಗಿನ ಅದೇ ನಗು. ಆಮೇಲೆ ಕತ್ತರಿ ಹಾಕಿದ. ಉಣ್ಣೆ ದಪ್ಪಗಿದ್ದದ್ದರಿಂದ ಕರಕರ ಸದ್ದು ಮಧ್ಯಾಹ್ನದವರೆಗೂ ಕೇಳುತ್ತಿತ್ತು.

ಮುಂದಿನ ಎರಡು ದಿನ ಅವನು ಗಾಡಿಯಲ್ಲೇ ಕಳೆದ. ನೆಲದ ತುಕ್ಕು ಕೆರೆದು, ಹಳೆಯ ಗೋಂದು ಕಿತ್ತು, ಬಣ್ಣ ಬಳಿದು, ಮೇಲೆ ಬೂದುಬಣ್ಣದ ದಪ್ಪ ಫೆಲ್ಟ್ ಬಟ್ಟೆ ಹಾಸಿದ. ಅವಳು ತುಂಡುಗಳಿಗೆ ತೊಗಲಿನ ಅಂಚುಪಟ್ಟಿ ಹೊಲಿದಳು. ಕೆಟ್ಟ ಮೂರು ತುಂಡಿಗೂ ಹೊಲಿದಳು, ಉಳಿದವಕ್ಕಿಂತ ಚೆನ್ನಾಗಿ. ಇಷ್ಟು ನೇರವಾದ ಹೊಲಿಗೆ ತನ್ನ ಆಯುಸ್ಸಿನಲ್ಲೇ ಹಾಕಿಲ್ಲ ಅಂತ ಅವಳಿಗೇ ಅನ್ನಿಸಿತು. ಯಾರೂ ನಾಳೆ ಹೊಲಿಗೆಯ ಮೇಲೆ ಬೊಟ್ಟು ಮಾಡಬಾರದು. ಕೊನೆಯ ತುಂಡು ಮುಗಿದ ಮೇಲೆ ಡಾಕ್ಟರಿಗೆ ಅವಳೇ ಫೋನ್ ಮಾಡಿದಳು.

"ನಾಳೆ ಹತ್ತು ಗಂಟೆಗೆ ಹಾಸ್ತೀವಿ ಡಾಕ್ಟ್ರೇ. ನೀವು ಕಣ್ಣಾರೆ ನೋಡ್ಬೇಕು ಅಂದಿದ್ರಲ್ಲ."

ಡಾಕ್ಟರು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಮರಿ ಒಗೆದ ಅಂಗಿ ಹಾಕಿಕೊಂಡಿದ್ದ. ಗೋಂದು ಹಚ್ಚುವ ಮುಂಚೆ ಒಂದು ಸಲ ಸುಮ್ಮನೆ ಹಾಸಿ ನೋಡುವುದು ವಾಡಿಕೆ. ಡ್ರೈವರ್ ಕಡೆಯ ತುಂಡು ಎತ್ತಿಕೊಂಡು ಒಳಗೆ ಬಗ್ಗಿದ. ಪೆಡಲಿನ ಕಚ್ಚು ಪೆಡಲಿನ ಕಡೆ ಬರಲಿಲ್ಲ. ತಿರುಗಿಸಿದ. ಹಿಂದಿನದು ಮುಂದಾಯಿತು, ಕಚ್ಚು ಹೋಗಿ ಸೀಟಿನ ಕೆಳಗೆ ಕೂತಿತು. ಮತ್ತೆ ತಿರುಗಿಸಿದ. ಕಡೆಗೆ, ಯಾಕೆಂದು ತನಗೇ ತಿಳಿಯದೆ, ತುಂಡನ್ನು ಬೋರಲು ಹಾಕಿದ. ಚರ್ಮದ ಹಾಗೆ ಕೂತುಬಿಟ್ಟಿತು. ಪೆಡಲು, ಮೂಲೆ, ತಿರುವು, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಕೆಂಪು ಉಣ್ಣೆಯೆಲ್ಲ ಕೆಳಗೆ, ಕಂದು ಗೋಣಿಯಂಥ ಬೆನ್ನು ಮೇಲೆ.

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೊದಲು ನಕ್ಕರು.

"ಏನಯ್ಯಾ ಇದು, ಕನ್ನಡಿಯೊಳಗೆ ಕಾಣೋ ಕಾರಿಗೆ ಹೊಲಿದಿದೀಯಾ? ಮೇಲಿನ ಹಲ್ಲಿನ ಸೆಟ್ಟು ತಗೊಂಡು ಕೆಳಗಡೆ ಕೂರಿಸಿದ ಹಾಗಾಯ್ತಲ್ಲಪ್ಪಾ!"

"ಸರ್, ಒಂದ್ನಿಮಿಷ..."

"ಇನ್ನೊಂದ್ಸಲ ಹಾಕು, ನೋಡೋಣ. ಆ ಪಕ್ಕದ್ದೂ ಹಾಕು."

ಮರಿ ಹಾಕಿದ. ಅದೂ ಹಾಗೆಯೇ. ಗೇರಿನ ದಿಬ್ಬದ್ದೂ. ಡಾಕ್ಟರ ನಗು ಒಂದೊಂದು ತುಂಡಿಗೂ ಒಂದೊಂದು ಮೆಟ್ಟಿಲು ಇಳಿಯಿತು.

"ನಾಲ್ಕು ತಿಂಗಳು ಕಾದಿದೀನಿ ಕಣೋ ನಾನು ಇದಕ್ಕೆ. ನಾಲ್ಕು ತಿಂಗಳು! ಅಣ್ಣನ ಕೈ ಇದೆ ಅಂದ್ಯಲ್ಲ, ಎಲ್ಲಿಟ್ಟಿದೀಯ ಅದನ್ನ? ಆ ತುಂಡು ಹಿಡ್ಕೊಂಡು ನಿಂತ್ಕೋ. ನೆಟ್ಟಗೆ. ಎದೆ ಮೇಲೆ ಹಿಡಿ."

ಮರಿ ತುಂಡನ್ನು ಎದೆಯ ಮೇಲೆ ಹಿಡಿದು ನಿಂತ. ಡಾಕ್ಟರು ಫೋನ್ ತೆಗೆದು ಫೋಟೋ ಹೊಡೆದರು. ಮುಖ ಸರಿಯಾಗಿ ಬಂದಿಲ್ಲ ಅಂತ ಇನ್ನೊಂದು ಹೊಡೆದರು.

"ಗುಂಪಿಗೆ ಹಾಕ್ತೀನಿ. ನಲವತ್ತು ಜನಕ್ಕೂ ಗೊತ್ತಾಗ್ಲಿ, ಯಾರ ಕೈಗೆ ಗಾಡಿ ಕೊಡಬಾರ್ದು ಅಂತ."

ಇದು ಅತ್ತಿಗೆಯ ಲೆಕ್ಕದಲ್ಲಿರಲಿಲ್ಲ. ಅವಳು ನೆನೆಸಿಕೊಂಡಿದ್ದು ಒಂದು ಬೈಗುಳ, ಒಂದು ತಲೆತಗ್ಗಿಸುವಿಕೆ, ಆಮೇಲೆ ತಾನು ಎದ್ದು ಬಂದು "ಇರ್ಲಿ ಬಿಡಿ, ನಾನು ಸರಿ ಮಾಡ್ತೀನಿ" ಅನ್ನುವುದು. ಮೂವತ್ತೆರಡರ ಗಂಡಸು ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳನ ಹಾಗೆ ಮಾಲು ಎದೆಗಿಟ್ಟುಕೊಂಡು ನಿಲ್ಲುವುದನ್ನು ಅವಳು ನೆನೆಸಿರಲಿಲ್ಲ. ಅಷ್ಟರಲ್ಲಿ ಡಾಕ್ಟರ ಬೆರಳು ಫೋನಿನ ಮೇಲೆ ಆಡಿ ಮುಗಿದಿತ್ತು. ಅವರು ಅವಳ ಕಡೆ ತಿರುಗಿದರು.

"ಏನಮ್ಮಾ, ನೀವೂ ಇಲ್ಲೇ ಕೂತಿರ್ತೀರಲ್ಲ? ನಿಮ್ಮ ಕಣ್ಣಿಗೂ ಬೀಳ್ಲಿಲ್ವಾ ಇದು?"

ಮರಿ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಅನುಮಾನವೇ ಇರಲಿಲ್ಲ. ಅತ್ತಿಗೆ ಈಗ ಏನೋ ಒಂದು ಹೇಳಿ ಪಾರು ಮಾಡುತ್ತಾಳೆ ಅಂತ ಕಾಯುತ್ತಿದ್ದ. ಚಿಕ್ಕಂದಿನಲ್ಲಿ ಅಣ್ಣ ಬಾರುಕೋಲು ತೆಗೆದಾಗಲೂ ಹೀಗೆಯೇ ನೋಡುತ್ತಿದ್ದ, ಅವಳೂ ಅಡ್ಡ ಬರುತ್ತಿದ್ದಳು.

"ನನಗೂ ಗೊತ್ತಾಗ್ಲಿಲ್ಲ ಡಾಕ್ಟ್ರೇ" ಅಂದಿದ್ದರೆ ಅರ್ಧ ಅವಮಾನ ಅವಳ ಪಾಲಿಗೂ ಬರುತ್ತಿತ್ತು. ಕತ್ತರಿ ಬರುತ್ತಿರಲಿಲ್ಲ.

"ನಾನು ಹೇಳಿದ್ದೆ" ಅಂದಳು. "ತಿರುಗಿಸಿ ಇಡು ಅಂದೆ. ಇವನೇ ಕೇಳ್ಲಿಲ್ಲ."

ಮಾತು ಆಡಿದರೆ ಹೋಯಿತು. ಮರಿ ಅವಳನ್ನೇ ನೋಡುತ್ತಿದ್ದ. ಕಣ್ಣು ಒಂದು ಸಲ ಮೇಜಿನ ಕಡೆ ಹೋಗಿ, ಅವಳು ತಿದ್ದಿಸಿದ ಆ ಮೂಲೆ ಇದ್ದ ಜಾಗದಲ್ಲಿ ನಿಂತು, ಹಿಂದಕ್ಕೆ ಬಂತು. ಅವನಿಗೆ ಎಲ್ಲ ತಿಳಿಯಿತು ಅನ್ನುವುದು ಅವಳಿಗೂ ತಿಳಿಯಿತು.

"ಹೌದು ಸರ್" ಅಂದ. "ಹೇಳಿದ್ರು. ನಾನೇ ಕೇಳ್ಲಿಲ್ಲ."

"ದೊಡ್ಡೋರ ಮಾತು ಕೇಳ್ಬೇಕಯ್ಯಾ!" ಎಂದರು ಡಾಕ್ಟರು. ಆಮೇಲೆ ಅತ್ತಿಗೆ ಸುರುಳಿ ಬಿಚ್ಚಿ ಅಳೆದು ತೋರಿಸಿದಳು, ಉಳಿದದ್ದು ಮೂರು ತುಂಡಿಗೆ ಸರಿಯಾಗಿ ಸಾಕು ಅಂದಳು. ಡಾಕ್ಟರ ಮುಖ ಅರಳಿತು. "ನೀವೇ ಕತ್ತರಿಸಿಯಮ್ಮಾ. ಇನ್ಮೇಲೆ ನನ್ನ ಗಾಡಿಗೆ ಕತ್ತರಿ ಹಾಕೋರು ನೀವು, ನಮ್ಮೋರಿಗೂ ಅದೇ ಹೇಳ್ತೀನಿ" ಅಂದು, ಮರಿಯ ಕಡೆ ನೋಡದೆ ಹೊರಟರು.

ಅವರು ಹೋದ ಮೇಲೆ ಮರಿ ಕೂಗಾಡುತ್ತಾನೆ ಅಂತ ಅತ್ತಿಗೆ ಕಾದಳು. ಉತ್ತರಗಳನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದಳು: ನನ್ನನ್ನ ಒಂದು ಮಾತು ಕೇಳಿದ್ಯಾ? ಎರಡು ವರ್ಷ ಯಾರು ಕತ್ತರಿಸಿದ್ದು? ಮನೇಲಿ ಕೂತು ಗೋಡೆ ಎಣಿಸ್ಲಾ? ಒಂದೂ ಬೇಕಾಗಲಿಲ್ಲ. ಅವನು ಕತ್ತರಿ ತಂದು ಮಿಷನ್ನಿನ ಪಕ್ಕ ಇಟ್ಟ. ಮಿಷನ್ನಿಗೆ ಬರಬೇಕಾದವನಿಗೆ ಫೋನ್ ಮಾಡಿ, ಬರೋದು ಬೇಡ ಅಂದ. ಆಮೇಲೆ ನೆಲದ ಮೇಲೆ ಕೂತು, ಕೆಟ್ಟ ತುಂಡುಗಳ ಅಂಚುಪಟ್ಟಿಯನ್ನು ಹಾಳಾಗದ ಹಾಗೆ ಒಂದೊಂದೇ ಹೊಲಿಗೆ ಬಿಚ್ಚತೊಡಗಿದ. ತೊಗಲು ಮತ್ತೆ ಬೇಕಾಗುತ್ತಿತ್ತು. ಅವಳ ಹೊಲಿಗೆ ಗಟ್ಟಿಯಾಗಿತ್ತು, ಬಿಚ್ಚಲು ಸಂಜೆಯಾಯಿತು.

"ಮರಿ, ಊಟ ಮಾಡೋ" ಅಂದಳು.

"ಆಯ್ತು" ಅಂದ. ಮಾಡಲಿಲ್ಲ.

ಹೀಗೆ ಅವಳಿಗೆ ಬೇಕಾದದ್ದೆಲ್ಲ ಒಂದೇ ದಿನದಲ್ಲಿ ಸಿಕ್ಕಿತು. ಮಾರನೆಯ ದಿನ ಶಟರ್ ಪೂರ್ತಿ ಮೇಲೆತ್ತಿ, ಬೀದಿಗೆ ಮುಖ ಮಾಡಿ ನಿಂತು ಮೂರು ತುಂಡು ಕತ್ತರಿಸಿದಳು. ಕೈ ಅಲುಗಲಿಲ್ಲ. ಹೋಗುವವರು ಬರುವವರು ನೋಡಿದರು. ಇದಕ್ಕಾಗಿ ಇಪ್ಪತ್ತೈದು ವರ್ಷ ಕಾದಿದ್ದೆ ಅಂತ ತನಗೆ ತಾನೇ ಹೇಳಿಕೊಂಡಳು. ಬಂದ ಸಂತೋಷ ನಿಜವಾದದ್ದೇ. ಆದರೆ ಅದನ್ನು ಯಾರಿಗೆ ತೋರಿಸಬೇಕು ಅಂತ ತಿರುಗಿದರೆ ಅಂಗಡಿಯಲ್ಲಿ ಇದ್ದವನು ಒಬ್ಬನೇ, ಅವನು ಬೆನ್ನು ಹಾಕಿ ಗೋಂದಿನ ಡಬ್ಬ ಕಲಕುತ್ತಿದ್ದ.

ಅದರಾಚೆಯ ದಿನ ಹಾಸುವ ಕೆಲಸ. ಗೇರಿನ ದಿಬ್ಬಕ್ಕೆ ಅಂಟಿಸಿದರು, ಹೊಸ್ತಿಲಿಗೆ ಅಂಟಿಸಿದರು. ಎಲ್ಲ ಹೇಳಿ ಮಾಡಿಸಿದ ಹಾಗೆ ಕೂತಿತು. ಉಳಿದದ್ದು ಸೀಟಿನ ಬೋಲ್ಟುಗಳ ತೂತು. ನೆಲಕ್ಕೆ ಕಾರ್ಪೆಟ್ಟು ಬಿದ್ದ ಮೇಲೆ ತಗಡಿನ ತೂತು ಎಲ್ಲಿದೆ ಅಂತ ಮೇಲಿನಿಂದ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಒಬ್ಬರು ಗಾಡಿಯ ಕೆಳಗೆ ಮಲಗಿ ಬೋಲ್ಟಿನ ತೂತಿನಿಂದ ದಬ್ಬಳ ಮೇಲಕ್ಕೆ ಚುಚ್ಚಬೇಕು, ಒಬ್ಬರು ಮೇಲೆ ಕೂತು ಕಾರ್ಪೆಟ್ಟು ಏಳದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಮೊನೆ ಕಂಡಲ್ಲಿ ಗುರುತು ಹಾಕಿ, ಆಮೇಲೆ ಕತ್ತರಿಸಬೇಕು. ಒಂದು ಸೀಟಿಗೆ ನಾಲ್ಕು. ಚುಚ್ಚುವ ಮುಂಚೆ ಕೆಳಗಿನವರು "ಕೈ!" ಅಂತ ಕೂಗುತ್ತಾರೆ, ಮೇಲಿನವರು ಕೈ ಸರಿಸುತ್ತಾರೆ.

ಮರಿ ಚಕ್ರದ ಹಲಗೆಯ ಮೇಲೆ ಮಲಗಿ, ಜಾಕ್ ಕೊಟ್ಟು ಎತ್ತಿದ್ದ ಗಾಡಿಯ ಕೆಳಗೆ ಸರಿದ. ಅವಳು ಒಳಗೆ ಮಂಡಿಯೂರಿ ಕೂತು ಕೆಂಪು ಉಣ್ಣೆಯ ಮೇಲೆ ಅಂಗೈ ಊರಿದಳು. ಕೂಗು ಕೇಳಿಸಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಬ್ಬಳದ ಮೊನೆ ಪಟ್ಟನೆ ಮೇಲೆದ್ದು ನಿಂತಿತು. ಅವಳು ಬೆಚ್ಚಿ ಕೈ ಕಿತ್ತುಕೊಂಡಳು. ತನಗೇ ಕೇಳಿಸಲಿಲ್ಲವೇನೋ ಅಂದುಕೊಂಡು ಗುರುತು ಹಾಕಿದಳು. ಮೊನೆ ಕೆಳಗಿಳಿಯಿತು.

ಎರಡನೆಯದೂ ಹಾಗೆಯೇ ಬಂತು, ಕಿರುಬೆರಳ ಅಂಚಿಗೆ, ಉಗುರಿಗೆ ತಾಗಿಕೊಂಡು.

"ಲೋ ಮರಿ" ಅಂದಳು. "ಹೇಳಿ ಚುಚ್ಚಬಾರ್ದೇನೋ?"

ಕೆಳಗಿನಿಂದ ಬಂದ ಉತ್ತರ ಸ್ಪ್ಯಾನರ್ ಕೇಳುವವನ ಧ್ವನಿಯಷ್ಟೇ ತಣ್ಣಗಿತ್ತು.

"ನೀವು ಹೇಳಿದ್ರಾ, ಅತ್ತಿಗೆ?"

ಮೂರನೆಯ ಮೊನೆ ಮೇಲೆದ್ದಿತು, ಇಳಿಯಿತು. ಅವಳು ಗುರುತು ಹಾಕಿ, ನಾಲ್ಕನೆಯ ತೂತು ಇರಬಹುದಾದ ಜಾಗವನ್ನು ಅಂದಾಜು ಮಾಡಿ, ಅದರ ಮೇಲೆಯೇ, ನಟ್ಟನಡುವೆ, ಅಂಗೈ ಒತ್ತಿ ಹಿಡಿದು ಕಾದಳು. ಚುಚ್ಚಿದರೆ ಚುಚ್ಚಲಿ. ಹಾಗಾದರೂ ಈ ಲೆಕ್ಕ ಮುಗಿಯುತ್ತದೆ.

ದಬ್ಬಳ ಬರಲಿಲ್ಲ. ಕೆಳಗೆ ಹಲಗೆಯ ಚಕ್ರ ಕಿರ್ ಎಂದು ಉರುಳಿತು. ಮರಿಯ ಹೆಜ್ಜೆ ಅಂಗಡಿಯ ಹಿಂಬದಿಗೆ ಹೋಯಿತು, ನಲ್ಲಿ ತಿರುಗಿದ ಸದ್ದಾಯಿತು. ಅವನು ಸೋಪು ಹಾಕಿ ಕೈ ತೊಳೆಯುತ್ತಿದ್ದ; ಬೆರಳ ಸಂದು, ಮುಂಗೈ, ಮೊಣಕೈಯವರೆಗೆ, ದಿನದ ಕೆಲಸ ಮುಗಿಸಿ ಹೊರಡುವವನ ಹಾಗೆ ನಿಧಾನವಾಗಿ. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ಗಾಡಿಯೊಳಗೆ ಅತ್ತಿಗೆ ನಾಲ್ಕನೆಯ ತೂತಿನ ಮೇಲಿಂದ ಕೈ ತೆಗೆಯದೆ, ಉಣ್ಣೆಯನ್ನು ಒತ್ತಿ ಹಿಡಿದುಕೊಂಡೇ ಕೂತಿದ್ದಳು.